ಮಾತು ಕೊಟ್ಟವನ ಕೈ

ವೆಲ್ಡರ್ ಅಂದರೆ ಜನಕ್ಕೆ ಸದರ. ಕಿಡಿ ನೋಡಬೇಡಿ ಅಂದರೆ ನಿಂತು ಬಾಯಿ ತೆರೆದು ನೋಡುತ್ತಾರೆ. ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗಾಗಿ, ಆಲೂಗಡ್ಡೆ ಹೋಳು ಇಟ್ಟುಕೊಂಡು ಹೊರಳಾಡುತ್ತಾರೆ. ಬೆಳಿಗ್ಗೆ ಎದ್ದು ಬಂದು ನನ್ನನ್ನೇ ಬೈಯುತ್ತಾರೆ. ನನ್ನ ಎರಡೂ ಮುಂಗೈಗಳಲ್ಲಿ ಸುಟ್ಟ ಚುಕ್ಕೆಗಳಿವೆ, ಎಣಿಸುವುದನ್ನು ಬಿಟ್ಟಿದ್ದೇನೆ. ಜಿಂಕ್ ತಗಡು ಬೆಸೆದ ದಿನ ಚಳಿಜ್ವರ ಬರುತ್ತದೆ, ಬೆಲ್ಲ ತಿಂದು ಹಾಲು ಕುಡಿದು ಮಲಗುತ್ತೇನೆ. ಆದರೂ ಗಿರಾಕಿ ಬಂದು ಕೇಳುವುದು ಒಂದೇ ಮಾತು, ಇಷ್ಟಕ್ಕೆ ಇಷ್ಟು ಹೊತ್ತೇ ಅಂತ. ನನಗೆ ಜನರ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರಿಗೂ ನನ್ನ ಮೇಲೆ ಅಷ್ಟೆ.

ನನ್ನ ಹೆಸರು ಕೊಟ್ಟೂರೇಶ್. ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಕೆಲಸ ಹರಿಹರದ ಪಿ.ಬಿ. ರಸ್ತೆ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ. ಶೆಡ್ಡು ಜೈನಾಬಿ ಅಕ್ಕನದು. ಅವಳ ಗಂಡ ರಜಾಕ್ ಉಸ್ತಾದರು ನನಗೆ ವೆಲ್ಡಿಂಗ್ ಹೋಲ್ಡರ್ ಹಿಡಿಯಲು ಕಲಿಸಿದವರು. ನಾನು ಹೇಳುವ ಈ ಘಟನೆಯ ಹೊತ್ತಿಗೆ ಅವರು ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಅಷ್ಟೂ ವರ್ಷ ಬೆಸೆಯುವವನು ನಾನು. ಗಿರಾಕಿ ಹಿಡಿಯುವವಳು, ಕಬ್ಬಿಣ ತರುವವಳು, ನನ್ನನ್ನು ಬೈಯುವವಳು ಅಕ್ಕ. ಬೈದ ಮೇಲೆ ರೊಟ್ಟಿ ಕೊಡುವವಳೂ ಅವಳೇ. ನನ್ನ ಮೇಲೆ ಅವಳಿಗಿದ್ದ ನಂಬಿಕೆ ದೊಡ್ಡದು, ಅದನ್ನು ನಾನು ಹೇಗೆ ಸಂಪಾದಿಸಿದ್ದೆ ಎನ್ನುವುದು ಸಣ್ಣ ವಿಷಯವಲ್ಲ.

ನಮ್ಮ ಕಸುಬಿನಲ್ಲಿ ಖಾಲಿ ಟ್ಯಾಂಕಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ತುಂಬಿದ್ದರೆ ಒಳಗೇನಿದೆ ಎಂದಾದರೂ ಗೊತ್ತಿರುತ್ತದೆ. ಖಾಲಿಯಾದರೆ ತಳದಲ್ಲಿ ಉಳಿದ ಒಂದು ಲೋಟ ಪೆಟ್ರೋಲು ಆವಿಯಾಗಿ ಒಳಗೆಲ್ಲ ತುಂಬಿಕೊಂಡು ಕೂತಿರುತ್ತದೆ. ಹೊರಗಿನಿಂದ ಕಿಡಿ ಮುಟ್ಟಿಸಿದರೆ ತಗಡು ಹರಿದುಕೊಂಡು ಬರುತ್ತದೆ. ಅದಕ್ಕೇ ಟ್ಯಾಂಕು ತಂದವರನ್ನು ಎರಡು ಪ್ರಶ್ನೆ ಕೇಳಬೇಕು: ಒಳಗೆ ಏನಿತ್ತು, ಹೇಗೆ ತೊಳೆದಿರಿ. ಎರಡಕ್ಕೂ ಜನ ಸುಳ್ಳು ಹೇಳುತ್ತಾರೆ. ಅವರಿಗೆ ಅವಸರ, ಸಾಯುವವನು ವೆಲ್ಡರ್.

ಹಾಗಾಗಿ ನಮ್ಮ ಶೆಡ್ಡಿಗೆ ನಾನೊಂದು ಪದ್ಧತಿ ತಂದಿದ್ದೆ. ಟ್ಯಾಂಕು ಸಾಫಾಗಿದೆ ಎಂದು ಯಾರು ಮಾತು ಕೊಡುತ್ತಾರೋ ಅವರು ನಾನು ಮೊದಲ ರಾಡು ಉರಿಸಿ ಮುಗಿಸುವವರೆಗೆ ಆ ಟ್ಯಾಂಕಿನ ಮೇಲೆ ಅಂಗೈ ಊರಿ ನಿಲ್ಲಬೇಕು. ಅಷ್ಟೆ. ಇದನ್ನು ಹೇಳಿದ ಕೂಡಲೇ ಎಷ್ಟೋ ಜನಕ್ಕೆ ಮರೆತದ್ದು ನೆನಪಾಗುತ್ತಿತ್ತು. "ತಡಿರಿ, ಹೋದ ವಾರ ಸ್ವಲ್ಪ ಸೀಮೆಎಣ್ಣೆ ಹಾಕಿದ್ವಿ ಅನ್ಸತೈತಿ" ಎನ್ನುವರು. ಒಬ್ಬ ಮಹಾಶಯ ಬೀಡಿ ತರುತ್ತೇನೆಂದು ಹೋದವನು ಟ್ಯಾಂಕು ತೆಗೆದುಕೊಂಡು ಹೋಗಲು ಎರಡು ದಿನ ಬಿಟ್ಟು ತಮ್ಮನನ್ನು ಕಳಿಸಿದ.

ಅಕ್ಕನಿಗೆ ಈ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. "ಗಿರಾಕಿನ ಕಳ್ಳನ್ನ ಮಾಡಿ ನಿಲ್ಲಿಸ್ತಿ" ಎನ್ನುವಳು. ಪಕ್ಕದ ಶೆಡ್ಡಿನ ಕಲ್ಲಪ್ಪ ಏನೂ ಕೇಳದೆ ಬೆಸೆದುಕೊಡುತ್ತಿದ್ದ, ಅವನ ಮುಂದೆ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು. ಆದರೂ ಅಕ್ಕ ಪದ್ಧತಿಯನ್ನು ಮುರಿಯಲಿಲ್ಲ. ಗಂಡನ ಮೇಲಿನ ಪ್ರೀತಿಗೆ ಇವನು ಹೀಗೆ ಮಾಡುತ್ತಾನೆ ಎಂದು ಅವಳ ಲೆಕ್ಕ.

ಉಸ್ತಾದರು ಸತ್ತದ್ದು ಒಂದು ಡ್ರಮ್ಮಿನಿಂದ. ದಾವಣಗೆರೆ ದಾರಿಯ ಬಾತಿ ಊರಿನ ತೋಟಪ್ಪ ಎಂಬವನು ಎಮ್ಮೆಗೆ ನೀರು ಕುಡಿಸಲು ಬಾನಿ ಮಾಡಿಕೊಡಿ ಎಂದು ಹಳೇ ಡ್ರಮ್ಮು ತಂದು ಹಾಕಿದ್ದ. ಅಡ್ಡ ಸೀಳುವಾಗ ಅದು ಸಿಡಿದು, ಮುಚ್ಚಳದ ಕಡೆಯ ತಗಡು ಉಸ್ತಾದರ ಎದೆಗೆ ಬಡಿಯಿತು. ಆಸ್ಪತ್ರೆಗೆ ಒಯ್ಯುವ ಕೆಲಸವೂ ಉಳಿಯಲಿಲ್ಲ. ತೋಟಪ್ಪ ಅದರಲ್ಲಿ ಅಡುಗೆಯ ಒಳ್ಳೆಣ್ಣೆ ಇತ್ತು ಎಂದು ಸುಳ್ಳು ಹೇಳಿದ, ಇದ್ದದ್ದು ಬಣ್ಣಕ್ಕೆ ಬೆರೆಸುವ ಥಿನ್ನರ್ ಎಂದು ಊರೆಲ್ಲ ಮಾತಾಯಿತು. ತಾನು ಹಾಗೆ ಹೇಳಿಲ್ಲವೆಂದು ತೋಟಪ್ಪ ಎಷ್ಟು ಬಡಿದುಕೊಂಡರೂ ಯಾರೂ ಕೇಳಲಿಲ್ಲ. ಅಂದಿನಿಂದ ಅಕ್ಕ ಬಾತಿಯ ಮೇಲೆ ಹೋಗುವಾಗ ಬಸ್ಸಿನಲ್ಲಿ ಮುಖ ಆಚೆ ತಿರುಗಿಸಿ ಕೂರುವಳು. ತೋಟಪ್ಪನ ಹೆಸರೆತ್ತಿದರೆ ಅವನ ಮನೆಯ ದೀಪ ಆರಲಿ ಎನ್ನುವಳು.

ತೊಂಬತ್ತೆಂಟರ ಮೇ ತಿಂಗಳು. ಬೆಳಿಗ್ಗೆ ಹತ್ತಕ್ಕೇ ತಗಡು ಮುಟ್ಟುವ ಹಾಗಿರಲಿಲ್ಲ. ಮಂಡಿಪೇಟೆಯ ಎಣ್ಣೆ ವ್ಯಾಪಾರಿ ಕೆಂಚವೀರಪ್ಪನವರ ಟ್ಯಾಂಕರ್ ಲಾರಿ ನಮ್ಮ ಮುಂದೆ ಬಂದು ನಿಂತಿತು. ಹಿಂದೆಯೇ ಅವರ ಅಂಬಾಸಿಡರ್ ಕಾರು. ದಾವಣಗೆರೆ ಹತ್ತಿರ ಅವರದೊಂದು ಆಯಿಲ್ ಮಿಲ್ಲು ಇತ್ತು. ಅಲ್ಲಿನ ರಿಪೇರಿ ಕೆಲಸದಿಂದಲೇ ನಮ್ಮ ಶೆಡ್ಡಿಗೆ ಅರ್ಧ ಊಟ. ಉಸ್ತಾದರ ನಲವತ್ತನೇ ದಿನದ ಊಟಕ್ಕೆ ಎರಡು ಡಬ್ಬ ಎಣ್ಣೆ ಕಳಿಸಿದ್ದರು ಎಂದು ಅಕ್ಕ ಅವರನ್ನು ದೇವರ ಹಾಗೆ ಕಾಣುತ್ತಿದ್ದಳು. ನನಗೆ ಆ ಮನುಷ್ಯನನ್ನು ಕಂಡರೆ ಮೈ ಉರಿಯುತ್ತಿತ್ತು. ವಿಭೂತಿ ಹಚ್ಚಿದ ಹಣೆ, ಇಸ್ತ್ರಿ ಮುರಿಯದ ಧೋತರ, ಎಲ್ಲರಿಗೂ "ತಮ್ಮಾ" ಎನ್ನುವ ಮೆತ್ತನೆಯ ಬಾಯಿ.

ಟ್ಯಾಂಕಿನ ತಳದ ಜೋಡಣೆಯಲ್ಲಿ ಗೇಣುದ್ದ ಸೀಳು ಬಿಟ್ಟಿತ್ತು. ತಳದಲ್ಲಿರುವುದರಿಂದ ನೀರು ತುಂಬಿ ಆವಿಯನ್ನು ಹೊರದೂಡಿ ಬೆಸೆಯುವ ಉಪಾಯ ನಡೆಯುವುದಿಲ್ಲ, ನೀರು ಅದೇ ಸೀಳಿನಿಂದ ಸುರಿಯುತ್ತದೆ. ನಾನು ಮೇಲೆ ಹತ್ತಿ ಮುಚ್ಚಳ ತೆಗೆದು ಮೂಗು ಇಟ್ಟೆ. ಎಣ್ಣೆಯ ಜಿಡ್ಡು ವಾಸನೆಯ ಅಡಿಯಲ್ಲಿ ತಣ್ಣಗಿನ, ಸಿಹಿಯಾದ ಇನ್ನೊಂದು ವಾಸನೆ ಇತ್ತು. ಹಿಂಡಿಯಲ್ಲಿ ಉಳಿದ ಎಣ್ಣೆ ತೆಗೆಯಲು ಮಿಲ್ಲುಗಳಲ್ಲಿ ಬಳಸುವ ಸಾಲ್ವೆಂಟಿನ ವಾಸನೆ ಅದು. ಪೆಟ್ರೋಲಿನಷ್ಟೇ ಬೇಗ ಹತ್ತಿಕೊಳ್ಳುತ್ತದೆ. ಅದನ್ನು ಕದ್ದು ಪೆಟ್ರೋಲಿಗೆ ಬೆರೆಸುವವರಿಗೆ ಮಾರುವ ದಂಧೆ ಆಗ ಇತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಕೆಳಗಿಳಿದು ಕೇಳಿದೆ. "ಒಳಗ ಏನಿತ್ರಿ ಸಾವ್ಕಾರ್ರೆ?"

"ಎಣ್ಣಿ ಟ್ಯಾಂಕರ್‌ನಾಗ ಏನಿರತೈತಿ ತಮ್ಮಾ? ಶೇಂಗಾ ಎಣ್ಣಿ. ಸೋಡಾ ಹಾಕಿ ಬಿಸಿನೀರಿನಾಗ ತೊಳ್ಸಿನಿ. ಮಧ್ಯಾಹ್ನ ಲೋಡ್ ಐತಿ, ಲಗೂನ ಹಚ್ಚು."

"ವಾಸನಿ ಬ್ಯಾರೆ ಐತ್ರಿ. ಇದನ್ನ ನಿಮ್ಮ ಮಿಲ್ಲಿಗೆ ಒಯ್ದು ಒಂದು ದಿನ ಬಾಯ್ಲರ್ ಸ್ಟೀಮ್ ಬಿಡ್ರಿ. ಆಮ್ಯಾಲೆ ತರ್ರಿ, ಅರ್ಧ ತಾಸಿನ ಕೆಲಸ."

"ಮಿಲ್ಲು ರಿಪೇರಿಗೆ ನಿಂತೈತಿ."

"ಬ್ಯಾರೆಯವರ ಮಿಲ್ಲಿನಾಗ ಬಿಡ್ಸ್ರಿ."

ಅವರು ನಕ್ಕರು. ಬೇರೆಯವರ ಮಿಲ್ಲಿಗೆ ಯಾಕೆ ಒಯ್ಯುವುದಿಲ್ಲ ಎಂದು ನನಗೆ ತಿಳಿಯಿತು. ಅಲ್ಲಿಯೂ ಮೂಗಿರುವವರು ಇರುತ್ತಾರೆ.

"ಹಂಗಾರೆ ನಮ್ಮ ಪದ್ಧತಿ ನಿಮಗ ಗೊತ್ತಲ್ರಿ. ಕೈ ಇಟ್ಟು ನಿಂದರ್ರಿ, ಹಚ್ತೀನಿ."

"ಭರಮಣ್ಣ ನಿಂದರ್ತಾನ ಬಿಡು. ತೊಳೆದವನು ಅವನೇ."

ಭರಮಣ್ಣ ಅವರ ಟ್ಯಾಂಕರಿನ ಡ್ರೈವರ್. ಐವತ್ತು ದಾಟಿದ, ಸೊರಗಿದ ಮನುಷ್ಯ. ಕರೆಯುವುದೇ ತಡ, ಬಂದು ಟ್ಯಾಂಕಿನ ಮೇಲೆ ಕೈ ಊರಿದ. ಬಿಸಿಲಿಗೆ ತಗಡು ಕಾದಿತ್ತು, ಆದರೂ ಕೈ ತೆಗೆಯಲಿಲ್ಲ. ನಾನು ಅವನ ಮುಖ ನೋಡಿದೆ. ಅವನು ನೆಲ ನೋಡಿದ.

"ಭರಮಣ್ಣ, ಒಳಗ ಏನಿತ್ತು?"

"ಸಾವ್ಕಾರ್ರು ಹೇಳಿದ್ರಲ್ಲ."

"ನಿನ್ನ ಕೇಳಿದೆ."

"ಸಾವ್ಕಾರ್ರು ಹೇಳಿದ್ದೇ ನಂದು."

ನನ್ನ ಪಿತ್ತ ನೆತ್ತಿಗೇರಿತು. ನಾನು ಪದ್ಧತಿ ಮಾಡಿದ್ದು ಸುಳ್ಳು ಹೇಳುವವನಿಗೆ ಭಯ ಹುಟ್ಟಲಿ ಎಂದು. ಆಳನ್ನು ನಿಲ್ಲಿಸಿ ಧಣಿ ನೆರಳಿಗೆ ಹೋಗಲಿ ಎಂದಲ್ಲ. "ಇವನ ಕೈ ನನಗ ಬ್ಯಾಡ. ಮಾತು ಕೊಟ್ಟವರು ನೀವು, ನಿಮ್ಮ ಕೈ ಬೇಕು" ಎಂದೆ.

ಕೆಂಚವೀರಪ್ಪನವರ ಮೆತ್ತನೆಯ ಬಾಯಿ ಅಲ್ಲಿಗೆ ಮುಗಿಯಿತು. "ಏನ್ಲೇ, ನಿಮ್ಮಪ್ಪ ನಮ್ಮ ಅಂಗಡಿ ಮುಂದೆ ಮೂಟಿ ಹೊತ್ತಾನ. ನಮ್ಮವ ಅಂತ ಇಲ್ಲಿಗೆ ಕೆಲಸ ತಂದ್ರ ನನಗೇ ಪರೀಕ್ಷೆ ಮಾಡ್ತಿಯಾ?"

"ಮೂಟಿ ಹೊತ್ತ ನಮ್ಮಪ್ಪನೂ ಸುಳ್ಳು ಹೇಳಿದ್ರ ಹಿಂಗೇ ನಿಲ್ಲಿಸ್ತಿದ್ದೆ."

ಮಾತಿಗೆ ಮಾತು ಬೆಳೆಯಿತು. ಗದ್ದಲಕ್ಕೆ ಅಕ್ಕ ಒಳಗಿನಿಂದ ಬಂದಳು. ಸಾಹುಕಾರರಿಗೆ ಸೆರಗು ಸರಿಮಾಡಿಕೊಂಡು ಸಲಾಂ ಮಾಡಿ, ನನ್ನ ಕಡೆ ತಿರುಗಿ ಹಲ್ಲು ಕಡಿದಳು.

"ಹಚ್ಚು ಕೊಟ್ರೇಶಿ."

"ಅಕ್ಕ, ಇದರಾಗ ಸಾಲ್ವೆಂಟ್ ಇತ್ತು."

"ನೀ ನೋಡಿದ್ದೇನು?"

"ವಾಸನಿ ಐತೆ."

"ನಿನಗ ಎಲ್ಲಾದ್ರಾಗೂ ವಾಸನಿ. ಹೋದ ತಿಂಗಳು ಹಾಲಿನ ಕ್ಯಾನಿಗೂ ಕೈ ಇಡ್ಸಿದ್ದಿ. ಸಾವ್ಕಾರ್ರು ಸುಳ್ಳು ಹೇಳೋ ಮನುಷ್ಯ ಅಲ್ಲ. ಅವರನ್ನ ನಾ ಇಪ್ಪತ್ತು ವರ್ಷದಿಂದ ನೋಡೀನಿ."

"ನಾ ಹಚ್ಚಂಗಿಲ್ಲ."

"ನೀ ಹಚ್ಚದಿದ್ರ ಕಲ್ಲಪ್ಪನ್ನ ಕರೀತೀನಿ."

ಕಲ್ಲಪ್ಪ ಆಗಲೇ ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಹಲ್ಲು ಕಿಸಿಯುತ್ತಿದ್ದ. ಕೂಗಿದರೆ ಓಡಿ ಬರುತ್ತಿದ್ದ. ನಾನು ಹೋಲ್ಡರ್ ಕೆಳಗೆ ಹಾಕಿ, ಯಾವನನ್ನಾದರೂ ಕರಿ ಎಂದು ಹೇಳಿ ಹೊರಟುಬಿಡುವವನಿದ್ದೆ. ಅಷ್ಟರಲ್ಲಿ ಅಕ್ಕ ಭರಮಣ್ಣನನ್ನು ಸರಿಸಿ, ತನ್ನ ಬಲಗೈಯನ್ನು ಟ್ಯಾಂಕಿನ ಮೇಲೆ ಇಟ್ಟಳು.

"ಶೆಡ್ಡು ನಂದು. ಸಾವ್ಕಾರ್ರ ಪರವಾಗಿ ಮಾತು ನಾ ಕೊಡ್ತೀನಿ. ಯಾರು ಹಚ್ಚಿದ್ರೂ ನನ್ನ ಕೈ ಇಲ್ಲೇ ಇರ್ತೈತಿ. ನೀ ಹಚ್ತಿಯೋ, ಕಲ್ಲಪ್ಪ ಹಚ್ತಾನೋ, ನೀನೇ ಹೇಳು."

ಅವಳ ಹಟ ನನಗೆ ಗೊತ್ತು. ಒಮ್ಮೆ ಇಟ್ಟ ಕೈಯನ್ನು ಹೆದರಿ ತೆಗೆಯುವವಳಲ್ಲ. ನಾನು ಮಾಡಿದ ಪದ್ಧತಿ ಅವಳನ್ನೇ ಆ ಟ್ಯಾಂಕಿಗೆ ಕಟ್ಟಿ ನಿಲ್ಲಿಸಿತ್ತು. ಸೀಳಿಗೂ ಅವಳ ಕಾಲಿಗೂ ಎರಡು ಮೊಳ ಅಂತರ. ಕಲ್ಲಪ್ಪ ವೆಲ್ಡಿಂಗಿನ ಕಪ್ಪು ಕನ್ನಡಕ ಏರಿಸಿಕೊಂಡು ಇತ್ತ ಹೊರಟೂಬಿಟ್ಟಿದ್ದ.

"ಅಕ್ಕ, ಕೈ ತೆಗಿ" ಎಂದೆ.

"ತೆಗ್ಯಂಗಿಲ್ಲ."

"ನೀ ನಂಬಿದವರು ಸುಳ್ಳು ಹೇಳಂಗಿಲ್ಲ ಅಂತಿ. ನನ್ನ ಎಷ್ಟು ವರ್ಷದಿಂದ ನಂಬ್ಕೊಂಡು ಬಂದಿ?"

"ಈಗ ಯಾಕ ಆ ಮಾತು?"

ಕಲ್ಲಪ್ಪ ಹತ್ತಿರ ಬಂದ. ಅವನ ಎದೆಗೆ ಕೈ ಒತ್ತಿ ಹಿಂದಕ್ಕೆ ತಳ್ಳಿದೆ. ಆಮೇಲೆ ಒಂಬತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಉಗುಳಿದೆ. ಉಗುಳಿದೆ ಎನ್ನುವುದೇ ಸರಿ, ಅದರಲ್ಲಿ ಧೈರ್ಯವೇನೂ ಇರಲಿಲ್ಲ.

"ತೋಟಪ್ಪ ಸುಳ್ಳು ಹೇಳಿರಲಿಲ್ಲ. ಡ್ರಮ್ಮು ಇಳಿಸುವಾಗಲೇ ನನಗ ಹೇಳಿದ್ದ, ಇದು ಥಿನ್ನರ್ ಡ್ರಮ್ಮು, ಚೆಂದಾಗಿ ತೊಳೆದು ಕೊಯ್ರಿ ಅಂತ. ತೊಳೆಯೋದು ನನ್ನ ಕೆಲಸ. ಅವತ್ತು ನಲ್ಯಾಗ ನೀರು ಬಂದಿರಲಿಲ್ಲ. ಬೋರಿಂದ ಹೊತ್ತು ತರಬೇಕಿತ್ತು. ಒಂದು ಬಕೀಟು ಹಾಕಿ ಅಲುಗಾಡಿಸಿ ಚೆಲ್ಲಿದೆ. ಉಸ್ತಾದ್ರು ಏನಿತ್ತು ಅಂದ್ರು. ಒಳ್ಳೆಣ್ಣಿ ಅಂದೆ. ತೊಳೆದಿಯೇನು ಅಂದ್ರು. ಮೂರು ಸಲ ತೊಳೆದೆ ಅಂದೆ. ಅವರು ನನ್ನ ಮಾತು ನಂಬಿ ಹಚ್ಚಿದ್ರು. ಒಳ್ಳೆಣ್ಣಿ ಅಂದವ ತೋಟಪ್ಪ ಅಂತ ಆಮ್ಯಾಲೆ ಊರಿಗೆಲ್ಲ ಹೇಳಿದವ ನಾನೇ."

ಕಲ್ಲಪ್ಪ ಕನ್ನಡಕ ತೆಗೆದ. ಅಕ್ಕನ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ, ಅದು ಬರುವುದಕ್ಕೆ ಇನ್ನೂ ಹೊತ್ತು ಬೇಕಿತ್ತು. ಅವಳ ಕೈ ಟ್ಯಾಂಕಿನ ಮೇಲೇ ಇತ್ತು. ಅವಳಿಗೆ ಅದು ಮರೆತೇ ಹೋಗಿತ್ತು ಅನ್ನಿಸುತ್ತದೆ.

"ನಿಮ್ಮ ಮನಿ ಪುರಾಣ ಆಮ್ಯಾಲೆ ಓದಿಕೊಳ್ರಿ" ಎಂದು ಕೆಂಚವೀರಪ್ಪನವರು ಕೂಗಿದರು. "ನನ್ನ ಲೋಡಿಗೆ ಹೊತ್ತಾಗತೈತಿ."

ಕೂಗು ದೂರದಿಂದ ಬಂದಿತ್ತು. ಅಕ್ಕ ತಲೆ ಎತ್ತಿ ಅತ್ತ ನೋಡಿದಳು. ನಾನೂ ನೋಡಿದೆ. ಜಗಳ ಶುರುವಾದಾಗ ನನ್ನ ಮೂಗಿನ ಮುಂದೆ ನಿಂತಿದ್ದ ಮನುಷ್ಯ, ಅಕ್ಕ ಟ್ಯಾಂಕಿನ ಮೇಲೆ ಕೈ ಇಟ್ಟ ಮೇಲೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು, ಮೂವತ್ತು ಮಾರು ಆಚೆ ರಸ್ತೆಯಂಚಿಗೆ ಹೋಗಿದ್ದರು. ನಡುವೆ ಅವರ ಕಾರು ಅಡ್ಡ ಇತ್ತು. ತಲೆ ಮಾತ್ರ ಕಾಣುತ್ತಿತ್ತು.

"ಸಾವ್ಕಾರ್ರೆ, ಇಲ್ಲಿ ಬರ್ರಿ" ಎಂದಳು ಅಕ್ಕ.

"ಯಾಕವ್ವಾ, ಇಲ್ಲಿಂದ್ಲೇ ಕೇಳ್ತೈತಿ."

"ನನ್ನ ಪಕ್ಕಕ್ಕ ಬಂದು ನಿಂದರ್ರಿ. ಕೈ ಇಡೋದು ಬ್ಯಾಡ. ಸುಮ್ನ ನಿಂದರ್ರಿ, ಹಚ್ಚಸ್ತೀನಿ."

ಅವರು ಬರಲಿಲ್ಲ. ಕಾರಿನ ಮರೆಯಿಂದಲೇ ಬಿಸಿಲು ಎಂದರು, ಬಿ.ಪಿ. ಎಂದರು, ಹೆಣ್ಣುಮಕ್ಕಳ ಪಕ್ಕದಲ್ಲಿ ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದರು. ಅಕ್ಕ ಒಂದೊಂದನ್ನೂ ಕೇಳಿದಳು. ಕೊನೆಗೆ ಟ್ಯಾಂಕಿನಿಂದ ಕೈ ತೆಗೆದಳು. ಅಂಗೈ ಕೆಂಪಗಾಗಿತ್ತು.

ಭರಮಣ್ಣ ಆಗ ಬಾಯಿ ಬಿಟ್ಟ. ಧಣಿಯ ಕಡೆ ನೋಡದೆ, ಅಕ್ಕನ ಕಾಲ ಕಡೆ ನೋಡುತ್ತ ಹೇಳಿದ. "ಮೂರು ಟ್ರಿಪ್ ಸಾಲ್ವೆಂಟ್ ಹೊಡೆದೀವ್ರಿ ಅಕ್ಕಾರ. ಸೋಡಾ ಗೀಡಾ ಏನೂ ಹಾಕಿಲ್ರಿ. ಕೆರಿ ನೀರು ತಿರುವಿ ಚೆಲ್ಲೀನಿ, ಅಷ್ಟ."

"ಗೊತ್ತಿದ್ದೂ ಕೈ ಇಟ್ಟಿದ್ದಿಯಲ್ಲೋ" ಎಂದೆ ನಾನು. ಅವನ ಮೇಲೂ ನನಗೆ ಕೆಂಡದಂಥ ಸಿಟ್ಟು ಬಂದಿತ್ತು.

"ಇಡು ಅಂದ್ರು, ಇಟ್ಟೆ."

ಕೆಂಚವೀರಪ್ಪನವರು ಆಮೇಲೆ ಬಾಯಿಗೆ ಬಂದದ್ದೆಲ್ಲ ಅಂದರು. ನಾಳೆಯಿಂದ ತಮ್ಮ ಮಿಲ್ಲಿನ ಒಂದು ಮೊಳೆ ಕೂಡ ಈ ಶೆಡ್ಡಿಗೆ ಬರುವುದಿಲ್ಲ, ಈ ರಸ್ತೆಯಲ್ಲಿ ನೀವು ಹೇಗೆ ಬದುಕುತ್ತೀರಿ ನೋಡುತ್ತೇನೆ, ಕುಡುಕ ಡ್ರೈವರನ ಮಾತು ಕಟ್ಟಿಕೊಂಡು ಮರ್ಯಾದಸ್ಥರನ್ನು ಬೀದಿಗೆ ತರುತ್ತೀರಿ. ಭರಮಣ್ಣ ಜನ್ಮದಲ್ಲಿ ಕುಡಿದವನಲ್ಲ. ಕಲ್ಲಪ್ಪನಿಗೆ ಸನ್ನೆ ಮಾಡಿದರು, ಆ ಕಲ್ಲಪ್ಪ ಕೂಡ ಬೇಡವೆಂದು ತಲೆಯಾಡಿಸಿ ತನ್ನ ಶೆಡ್ಡಿಗೆ ಹೋದ. ಕಾರು ಧೂಳೆಬ್ಬಿಸಿ ಹೊರಟಿತು. ಹಿಂದೆ ಟ್ಯಾಂಕರ್ ನಿಧಾನವಾಗಿ ಹೋಯಿತು. ಅದಕ್ಕೆ ಯಾವುದೋ ಮಿಲ್ಲಿನಲ್ಲಿ ಎರಡು ದಿನ ಸ್ಟೀಮ್ ಬಿಡಿಸಿ ಬೆಸೆಸಿದರು ಎಂದು ಆಮೇಲೆ ಕೇಳಿದೆ. ಭರಮಣ್ಣನನ್ನು ಕೆಲಸದಿಂದ ತೆಗೆದರು ಎಂದೂ ಕೇಳಿದೆ.

ಶೆಡ್ಡಿನ ಮುಂದೆ ನಾವಿಬ್ಬರೇ ಉಳಿದೆವು. ವೆಲ್ಡಿಂಗ್ ಮಿಷನ್ನು ಇನ್ನೂ ಗುಂಯ್‌ಗುಟ್ಟುತ್ತಿತ್ತು. ನಾನು ಅಕ್ಕ ಬೈಯಲಿ ಎಂದು ಕಾದೆ. ಕೈಗೆ ಸಿಕ್ಕ ಕಬ್ಬಿಣದಲ್ಲಿ ಹೊಡೆದಿದ್ದರೂ ತಲೆ ಕೊಡುತ್ತಿದ್ದೆ. ಅವಳು ಹೋಗಿ ಸ್ವಿಚ್ಚು ಆರಿಸಿದಳು. ನನ್ನ ಕೈಯಿಂದ ಹೋಲ್ಡರ್ ತೆಗೆದುಕೊಂಡು ಮೊಳೆಗೆ ತೂಗುಹಾಕಿದಳು. ಆಮೇಲೆ, ಸಾಹುಕಾರರ ಕಾರು ನಿಂತಿದ್ದ ಜಾಗವನ್ನು ನೋಡುತ್ತ, ಮೆಲ್ಲಗೆ ಕೇಳಿದಳು.

"ಅವತ್ತು ನೀ ಎಲ್ಲಿ ನಿಂತಿದ್ದಿ?"

ಇದನ್ನು ನಾನು ಹೇಳಿರಲಿಲ್ಲ. ಹೇಳಬೇಕಾಗಿ ಬರುತ್ತದೆ ಎಂದೂ ಅಂದುಕೊಂಡಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಅಲ್ಲವೆನ್ನುವವರು ಯಾರೂ ಉಳಿದಿರಲಿಲ್ಲ.

"ರಸ್ತಿ ಆಚಿಗೆ. ಚಾದಂಗಡಿ ಹತ್ರ."

"ಚಾ ಕುಡಿಯಾಕ ಹೋಗಿದ್ದೇನು?"

"ಇಲ್ಲಕ್ಕ."

"ಮತ್ತ?"

"ಹೆದರಿಕಿ ಆತು. ತೊಳೆದಿಲ್ಲಲ್ಲ, ಏನಾರ ಆದೀತು ಅಂತ ಆಚಿಗೆ ಹೋಗಿ ನಿಂತೆ."

"ಅವರಿಗೆ ಹೇಳ್ಲಿಲ್ಲ."

"ಹೇಳ್ಲಿಲ್ಲ."

ಅಕ್ಕ ತಾನು ಒಂಬತ್ತು ವರ್ಷ ರೊಟ್ಟಿ ಕೊಟ್ಟವನ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ತೊಳೆಯದೆ ಬಿಟ್ಟದ್ದನ್ನು ಸೋಮಾರಿತನ ಎಂದು ಅವಳು ಎಂದಾದರೂ ಕ್ಷಮಿಸುತ್ತಿದ್ದಳೇನೋ. ಆಚೆ ಹೋಗಿ ನಿಂತದ್ದಕ್ಕೆ ಕ್ಷಮೆ ಇಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ಅಷ್ಟು ವರ್ಷ ಕಂಡಕಂಡವರ ಕೈಯನ್ನು ಟ್ಯಾಂಕಿಗೆ ಒತ್ತಿಸಿ ನಿಲ್ಲಿಸುತ್ತಿದ್ದೆ.

"ಹಂಗಾರ ಹೋಗು. ಅಲ್ಲೇ ಹೋಗಿ ನಿಂದರು" ಎಂದಳು.

ನಾನು ರಸ್ತೆ ದಾಟಿದೆ. ಚಾದಂಗಡಿ ಎತ್ತಿಹೋಗಿ ಅಲ್ಲೀಗ ಪಂಕ್ಚರ್ ಅಂಗಡಿಯಿತ್ತು. ಅದರ ಮುಂದೆ ನಿಂತೆ. ಅಕ್ಕ ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕಿದಳು. ಬೆಳಗಿನ ಹನ್ನೊಂದಕ್ಕೆ ಆ ಶೆಡ್ಡಿಗೆ ಬೀಗ ಬಿದ್ದದ್ದು ಉಸ್ತಾದರು ಸತ್ತ ದಿನ ಬಿಟ್ಟರೆ ಅಂದೇ. ಅವಳೂ ರಸ್ತೆ ದಾಟಿ ಬಂದಳು. ದಾವಣಗೆರೆ ಕಡೆಯ ಬಸ್ಸು ನಿಲ್ಲುವುದು ಈ ಬದಿಯಲ್ಲೇ. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ನಾನಿಲ್ಲ ಎನ್ನುವ ಹಾಗೆ ನಿಂತಳು.

ಬಸ್ಸು ಬಂತು. ಕೈ ಅಡ್ಡ ಮಾಡಿದಳು. ಮೆಟ್ಟಿಲ ಮೇಲೆ ನಿಂತ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ.

"ಬಾತಿ. ತೋಟಪ್ಪ ಅನ್ನೋರ ಮನಿ ಎಲ್ಲಿ ಬರ್ತೈತಿ, ನಿಮಗೇನರ ಗೊತ್ತೈತೇನ್ರಿ?" ಎಂದು ಅಕ್ಕ ಕೇಳುತ್ತ ಒಳಗೆ ಹೋದಳು.

ಬಸ್ಸು ಹೋಯಿತು. ಅವಳು ವಾಪಸು ಬಂದು ಬಸ್ಸು ಇಳಿಯುವವರೆಗೂ ನಾನು ಅಲ್ಲೇ ನಿಂತಿದ್ದೆ. ಅವಳು ಬೀಗ ತೆಗೆದು ಒಳಗೆ ಹೋದಳು, ನನ್ನನ್ನು ಕರೆಯಲಿಲ್ಲ.